ಕೆಂಪು ಪೆನ್ನು

ಮಗಳ ಡಿಗ್ರಿ ಅರ್ಜಿಯ ವಿಷಯಗಳ ಪಟ್ಟಿಯಲ್ಲಿ ‘ಪ್ರಾಥಮಿಕ ಶಿಕ್ಷಣ’ವನ್ನು ಉಳಿಸಿ, ಅದರ ಕೆಳಗಿದ್ದ ‘ವಿಶೇಷ ಮಕ್ಕಳ ಶಿಕ್ಷಣ’ ಎಂಬ ಸಾಲನ್ನು ಅಪ್ಪ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. “ಮೂವತ್ತು ವರ್ಷದಿಂದ ಮೇಷ್ಟ್ರಾಗಿದ್ದೀನಿ. ಅಂಥ ಮಕ್ಕಳ ತಲೆಗೆ ಏನೂ ಹತ್ತಲ್ಲ.”

ಅವಳ ಮೈಯೆಲ್ಲ ಉರಿದುಹೋಯಿತು. ಅರ್ಜಿಯನ್ನು ಕಿತ್ತುಕೊಂಡು ತಂಗಿಯ ಮುಂದಿಟ್ಟಳು. ಇದೇ ಮಾತು ಹೇಳಿ ಅಪ್ಪ ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದ್ದ ತಂಗಿ.

ಅಪ್ಪ ಹೊಡೆದುಹಾಕಿದ ಸಾಲಿನ ಮೇಲೆ ತಂಗಿ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. “ವಿ... ಶೇ... ಷ... ಮಕ್ಕಳ...” ಆಮೇಲೆ ತಲೆಯೆತ್ತಿ ಕೇಳಿದಳು, “ಇದನ್ನ ಯಾಕೆ ಹೊಡೆದುಹಾಕಿದ್ರಿ ಅಪ್ಪ?”

ಅಪ್ಪ ಬೆಪ್ಪಾಗಿ ದೊಡ್ಡವಳನ್ನು ನೋಡಿದರು. “ಇವಳಿಗೆ ಯಾರು ಕಲಿಸಿದ್ದು?”

“ನಾನು. ದಿನಾ ಸಂಜೆ ಅಡುಗೆಮನೇಲಿ, ನೀವು ಹೊರಗೆ ಊರ ಮಕ್ಕಳಿಗೆಲ್ಲ ಟ್ಯೂಷನ್ ಮಾಡ್ತಿದ್ದಾಗ.” ಅವಳು ಅರ್ಜಿಯನ್ನು ಮತ್ತೆ ಅವರ ಮುಂದೆ ತಳ್ಳಿದಳು. “ತಪ್ಪು ತಿದ್ದಿ, ಮೇಷ್ಟ್ರೇ.”