ಹನ್ನೆರಡು ಜೊತೆ ಪಾದ

ಯಾವ ಕಾಲದಲ್ಲೋ ಆಫ್ರಿಕಾದಿಂದ ಹಿಡಿದು ತಂದ ಆಳುಗಳ ಕುಲ ಸಿದ್ದಿಗಳದು. ಅವರಲ್ಲಿ ಪಾದ್ರಿಯಾದವನು ಅವನೇ ಮೊದಲಿಗ. ಅಜ್ಜ, ಅಪ್ಪ ಯಾರ ಅಂಗಳದಲ್ಲಿ ಜೀತಕ್ಕಿದ್ದರೋ ಅವರದೇ ಊರಿನ ಚರ್ಚಿಗೆ ಅವನು ಬಂದು ವರ್ಷ ತುಂಬಿತ್ತು. ಆದರೆ ಭಾನುವಾರ ಪರಮಪ್ರಸಾದದ ರೊಟ್ಟಿ ಹಂಚಲು ನಿಂತರೆ ಅವನೆದುರಿಗೆ ಬರುತ್ತಿದ್ದವರು ಹಿಂದಿನ ಬೆಂಚಿನ ನಾಲ್ವರು ಸಿದ್ದಿ ಮುದುಕಿಯರಷ್ಟೆ. ಉಳಿದ ಊರೆಲ್ಲ ಪಕ್ಕದಲ್ಲಿ ನಿಂತ, ಕೈ ನಡುಗುವ ಮುದಿ ಪಾದ್ರಿಯ ಮುಂದೆ ಸಾಲುಗಟ್ಟುತ್ತಿತ್ತು.

ಶುಭ ಶುಕ್ರವಾರದ ಹಿಂದಿನ ದಿನ ಪಾದ್ರಿಯಾದವನು, ಯೇಸು ತನ್ನ ಶಿಷ್ಯರಿಗೆ ಮಾಡಿದಂತೆ, ಹನ್ನೆರಡು ಮಂದಿಯ ಕಾಲು ತೊಳೆಯಬೇಕು. ಮುದಿ ಪಾದ್ರಿಗೆ ಬಗ್ಗಲಾಗದ್ದರಿಂದ ಈ ಸಲ ಆ ಸರದಿ ಅವನದು.

"ನನ್ನ ಮುಂದೆ ಯಾರು ಕೂರ್ತಾರೆ, ಇನಾಸಣ್ಣ?" ಎಂದು ಗಂಟೆ ಹೊಡೆಯುವವನನ್ನು ಕೇಳಿದ.

"ಹಿಂದೆಲ್ಲ ಗೋಗರೆದು ಕರೀಬೇಕಿತ್ತು, ಫಾದರ್. ಈ ಸಲ ತಾವೇ ಬಂದು ಹೆಸರು ಬರೆಸಿದಾರೆ. ಎಲ್ಲ ದೊಡ್ಡ ಮನೆಯವರೇ!"

ಕಡೆಗೂ ಊರು ಕರಗಿತಲ್ಲ ಎಂದುಕೊಂಡ ಅವನು.

ಆ ದಿನ ಹನ್ನೆರಡು ಕುರ್ಚಿಯೂ ಭರ್ತಿ. ಅವನು ಮೊಣಕಾಲೂರಿ ಒಂದೊಂದೇ ಪಾದ ತೊಳೆದು, ಒರೆಸಿ, ಮುತ್ತಿಟ್ಟ.

"ಹಿಮ್ಮಡೀನೂ ಸ್ವಲ್ಪ ತಿಕ್ಕಿ, ಫಾದರ್," ಎಂದರು ಮೊದಲ ಕುರ್ಚಿಯ ಯಜಮಾನರು, ನಗುತ್ತ. "ನಿಮ್ಮಪ್ಪ ಚೆನ್ನಾಗಿ ತಿಕ್ಕುತ್ತಿದ್ದ."

ಅವನೂ ನಕ್ಕ. ತಿಕ್ಕಿದ.

ಪರಮಪ್ರಸಾದದ ಹೊತ್ತಾಯಿತು. ಅವನು ಪಾತ್ರೆ ಹಿಡಿದು, ಎಂದೂ ಇಲ್ಲದಂತೆ, ಮೆಟ್ಟಿಲ ತುದಿಯವರೆಗೂ ಮುಂದೆ ಬಂದು ನಿಂತ.

ಹನ್ನೆರಡು ಮಂದಿಯೂ ಎದ್ದರು. ಅವನು ಆಗಷ್ಟೇ ಮುತ್ತಿಟ್ಟಿದ್ದ ಪಾದಗಳು ಒಂದೊಂದಾಗಿ ಮುದಿ ಪಾದ್ರಿಯ ಸಾಲಿನತ್ತ ಹೊರಳಿದವು.