ಉಪ್ಪಿನ ಪಾಯಸ

ಬೇಸಿಗೆ ಸಂಶೋಧನಾ ಶಿಬಿರದ ಕೊನೆಯ ಊಟಕ್ಕೆ ವನಮಾಲಾ ಮೇಡಂ ಎಂದಿನಂತೆ ಶಾವಿಗೆ ಪಾಯಸಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಸಿದ್ದರು. ಬಿಎಸ್ಸಿ, ಎಂಜಿನಿಯರಿಂಗ್ ಹುಡುಗರೆಲ್ಲ ತಲೆ ತಗ್ಗಿಸಿಕೊಂಡು ಕುಡಿದರು. ಯಾರೂ ಏನೂ ಕೇಳಲಿಲ್ಲ. ಅಂದರೆ ಅವರ ತಲೆಯೊಳಗಿದ್ದ ಪ್ರಶ್ನೆಗಳನ್ನೆಲ್ಲ ಪ್ರಯೋಗಾಲಯದ ಯಂತ್ರ ಹೀರಿಕೊಂಡಾಗಿದೆ, ಇನ್ನು ಊರಿಗೆ ಕಳಿಸಬಹುದು. ಉತ್ತರ ಹುಡುಕುವುದರಲ್ಲಿ ಯಂತ್ರವನ್ನು ಮೀರಿಸುವವರಿಲ್ಲ. ಪ್ರಶ್ನೆ ಮಾತ್ರ ಅದಕ್ಕೆ ಹುಟ್ಟುವುದಿಲ್ಲ, ಅದನ್ನು ಇಂಥ ಹುಡುಗರ ತಲೆಯಿಂದಲೇ ತೆಗೆಯಬೇಕು.

ಸಾಲಿನ ತುದಿಯಲ್ಲಿದ್ದ ಶರ್ವಾಣಿ ಮಾತ್ರ ಲೋಟ ಕೆಳಗಿಟ್ಟಳು.

"ಮೇಡಂ, ಪಾಯಸ ಯಾಕೆ ಉಪ್ಪಾಗಿದೆ?"

ವನಮಾಲಾ ಅವಳ ಕಿವಿಯ ಬಳಿ ಬಾಗಿದರು. "ಸುಮ್ನೆ ಕುಡಿದುಬಿಡಮ್ಮ. ನಿಮ್ಮಪ್ಪ ಕರ್ಕೊಂಡು ಹೋಗೋಕೆ ಬಂದು ಕೂತಿದ್ದಾರೆ."

"ಸುಮ್ನೆ ಯಾಕೆ ಕುಡೀಬೇಕು?"

ಬಾಗಿಲಲ್ಲಿ ನಿಂತಿದ್ದ ಪ್ರಯೋಗಾಲಯದವರಿಗೆ ಅದು ಕೇಳಿಸಿತು. ಅವಳನ್ನು ಮತ್ತೆ ಯಂತ್ರದ ಕೋಣೆಗೆ ಕರೆದೊಯ್ದರು. ಹೋಗುವಾಗಲೂ ಅವಳು ಏನೇನೋ ಕೇಳುತ್ತಲೇ ಇದ್ದಳು. ವನಮಾಲಾ ಹೊರಗೆ ಬಂದು ಅವಳ ಅಪ್ಪನಿಗೆ, "ಸ್ವಲ್ಪ ಕೆಲಸ ಉಳಿದಿದೆ, ನಾಳೆ ಬನ್ನಿ" ಎಂದರು.

ಮರುದಿನ ಮಧ್ಯಾಹ್ನ ಖಾಲಿ ಊಟದ ಕೋಣೆಯಲ್ಲಿ ಶರ್ವಾಣಿ ಒಬ್ಬಳೇ ಕೂತಿದ್ದಳು. ಈ ಸಲ ವನಮಾಲಾ ತಾವೇ ಒಲೆಯ ಮುಂದೆ ನಿಂತು ಪಾಯಸ ಮಾಡಿದ್ದರು. ಯಾರಿಗೂ ಕಾಣದಂತೆ ಇನ್ನೂ ಎರಡು ಹಿಡಿ ಉಪ್ಪು ಸುರಿದಿದ್ದರು. ನಾಲಿಗೆಗೆ ತಾಗಿದರೆ ಮುಖ ಕಿವುಚಬೇಕು, ಹಾಗಿತ್ತು. ಅವಳ ಬಾಯಿಂದ ಒಂದೇ ಒಂದು 'ಯಾಕೆ' ಬರಲಿ ಎಂದು ಸೆರಗಿನ ತುದಿ ಹಿಂಡುತ್ತಾ ಕಾದರು.

ಶರ್ವಾಣಿ ಲೋಟ ಬರಿದು ಮಾಡಿ, ತುಟಿ ಒರೆಸಿಕೊಂಡು ನಕ್ಕಳು.

"ಚೆನ್ನಾಗಿದೆ ಮೇಡಂ. ಇನ್ನೊಂದು ಸೌಟು ಹಾಕಿ."