ಇಟ್ಟು ನೋಡಿದ ಮೇಲೆ ಕಳಿಸಿ

ಒಲೆ ಮೇಲೆ ಹಾಲಿಟ್ಟಿದ್ದರೆ ಮೊದಲು ಆರಿಸಿ ಬನ್ನಿ... ಇದನ್ನು ಅರ್ಧಕ್ಕೆ ಬಿಟ್ಟು ಏಳಬಾರದು.

ಹುಬ್ಬಳ್ಳಿಯಲ್ಲಿ ಸುನಂದಾ ಹೊಸಮನಿ ಅಂತ ಒಬ್ಬರು ಮೇಡಂ. ಕಂಪ್ಯೂಟರ್‌ನಲ್ಲಿ ಅಳತೆ ಹಾಕಿ ಡ್ರಾಯಿಂಗ್ ಮಾಡುವುದನ್ನು, ಅಂದರೆ ಕ್ಯಾಡ್ ಕಲಿಸುತ್ತಾರೆ.

ಕ್ಯಾಡ್ ಅಂದರೆ ಇಂಜಿನಿಯರುಗಳಿಗೆ ಮಾತ್ರ ಅಂದುಕೊಂಡಿದ್ದೀರಾ? ಹಾಗಾದರೆ ನೀವು ಅವರ ಕ್ಲಾಸ್ ನೋಡಿಲ್ಲ.

ಒಬ್ಬರು ಮನೆ ಪ್ಲಾನ್ ಹಾಕುತ್ತಿದ್ದರೆ ಪಕ್ಕದಲ್ಲೇ ಅಕ್ಕಸಾಲಿಗರೊಬ್ಬರು ಜುಮುಕಿ ಬಿಡಿಸುತ್ತಿರುತ್ತಾರೆ. ಆಚೆ ಅಡುಗೆಮನೆ ಕಪಾಟು ಮಾಡುವವರು, ಇನ್ನೊಂದು ಕಡೆ ಲೇತ್ ವರ್ಕ್‌ಶಾಪಿನವರು...

ಇಷ್ಟೂ ಜನಕ್ಕೆ ಮೇಡಂ ಅವರದು ಒಂದೇ ಹಠ. ಎಲ್ಲರೂ ಮನೆಯಿಂದ ಒಂದು ವಸ್ತು ತರಬೇಕು. ಅದನ್ನು ಬಿಡಿಸಿ, ಇದ್ದಷ್ಟೇ ಅಳತೆಗೆ ಪ್ರಿಂಟ್ ತೆಗೆದು, ಆ ಕಾಗದವನ್ನು ವಸ್ತುವಿನ ಮೇಲೆಯೇ ಇಟ್ಟು ನೋಡಬೇಕು.

"ಸ್ಕ್ರೀನ್ ಮ್ಯಾಲೆ ಎಲ್ಲಾ ಛಂದನ ಕಾಣತೈತ್ರಿ. ಇಟ್ಟು ನೋಡಿದ ಮ್ಯಾಲೆ ಕಳಸ್ರಿ" ಎನ್ನುವುದು ಅವರ ಮಾತು. ಕಲಿಯುವವರಿಗೆ ಅದನ್ನು ಕೇಳಿ ಕೇಳಿ ಸಾಕಾಗಿರುತ್ತದೆ.

ಒಂದು ವರ್ಷ ಜರೀನಾ ಎಂಬ ಹುಡುಗಿ ಸೇರಿದ್ದಳು. ಅಪ್ಪ ಟೇಲರ್. ಅವಳು ತಂದದ್ದು ಅಮ್ಮನ ಕುಬಸದ, ಅಂದರೆ ರವಿಕೆಯ, ತೋಳು.

ಟೇಲರ್ ಮನೆಯ ಮಗಳಲ್ಲವೇ... ಅವಳ ಲೆಕ್ಕವೆಲ್ಲ ಇಂಚಿನಲ್ಲಿ. ಕಂಪ್ಯೂಟರ್ ಇದ್ದದ್ದು ಮಿಲಿಮೀಟರ್‌ನಲ್ಲಿ. ಇಂಚಿನ ಅಂಕಿಗಳನ್ನು ಹಾಗೇ ಹಾಕಿ ಪ್ರಿಂಟ್ ಕೊಟ್ಟಳು.

ಹೊರಗೆ ಬಂದ ತೋಳು ಅವಳ ಹೆಬ್ಬೆರಳಿಗೂ ಸಾಲುವಂತಿರಲಿಲ್ಲ!

"ಏನವಾ ಜರೀನಾ, ಗೊಂಬಿಗೆ ಕುಬಸ ಹೊಲಿಯಾಕ ಹೊಂಟೀ ಏನು?" ಎಂದರು ಮೇಡಂ. ಕ್ಲಾಸೆಲ್ಲ ನಕ್ಕಿತು. ಹುಡುಗಿ ಅತ್ತೇ ಬಿಟ್ಟಳು.

ಮೇಡಂ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಚಹಾದಲ್ಲಿ ಅರ್ಧ ಅವಳಿಗೆ ಬಗ್ಗಿಸಿ ಕೊಟ್ಟು ಹೇಳಿದರು... "ಅಳತಿ ಎಲ್ಲಾರದೂ ತಪ್ಪತೈತಿ. ನೀ ಇಟ್ಟು ನೋಡಿದಿ, ಅದಕ್ಕ ಸಿಕ್ತು. ಹಿಂಗ ನೋಡ್ಕೋತ ಹೋಗು, ಸಾಕು."

ವರ್ಷಗಳು ಉರುಳಿದವು. ಜರೀನಾ ಎಲ್ಲಿ ಹೋದಳೋ, ಏನಾದಳೋ, ಮೇಡಂಗೆ ಗೊತ್ತಿರಲಿಲ್ಲ.

ಹೋದ ವರ್ಷ ಮೇಡಂ ಅವರ ದವಡೆಯ ಎಡಭಾಗದಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು.

"ಅಷ್ಟು ಎಲುಬು ತೆಗೀಲೇಬೇಕ್ರಿ" ಎಂದರು ಡಾಕ್ಟರು. "ಅದರ ಜಾಗಕ್ಕ ನಿಮ್ಮ ಅಳತಿಗೇ ಲೋಹದ ಪ್ಲೇಟ್ ಮಾಡಿಸಿ ಕೂಡಸ್ತೀವಿ."

"ಸರಿಯಾಗಿ ಕೂಡಲಿಲ್ಲಂದ್ರ?"

"ಅಗಿಯೋದು ಕಷ್ಟ ಆಗತೈತಿ... ಮಾತೂ ತೊದಲಬಹುದು."

ಮಾತು! ಪಾಠ ಹೇಳುವವರ ಬದುಕೇ ಅದು. ಅಂದಿನಿಂದ ಮೇಡಂಗೆ ಊಟ ರುಚಿಸಲಿಲ್ಲ.

ಆಪರೇಷನ್‌ಗೆ ಸೋಮವಾರ ನಿಗದಿಯಾಯಿತು. ದೇವರ ಮೇಲೆ ಭಾರ ಹಾಕಿ ಅಡ್ಮಿಟ್ ಆದರು. ಅಷ್ಟರಲ್ಲಿ ಡಾಕ್ಟರು ಬಂದು, "ಗುರುವಾರ ಮಾಡೋಣ್ರಿ. ಪ್ಲೇಟ್ ಡಿಸೈನ್ ಮಾಡೋರು ಇನ್ನೊಂದೀಟು ಟೈಮ್ ಕೇಳ್ಯಾರ. ತಡಾ ಆದ್ರ ನಿಮಗೇನೂ ತೊಂದ್ರಿ ಇಲ್ಲ" ಎಂದರು.

ಗಟ್ಟಿ ಮಾಡಿಕೊಂಡಿದ್ದ ಧೈರ್ಯವೆಲ್ಲ ಅಲ್ಲೇ ಕರಗಿಹೋಯಿತು. ಭಯ ಸಿಟ್ಟಾಗಿ ಹೊರಬಂತು.

"ನಾನೂ ಇದನ್ನ ಕಲಸಾಕಿ ರೀ! ಒಂದು ಪ್ಲೇಟಿಗೆ ಎಷ್ಟೊತ್ತು ಬೇಕು? ಯಾರವರು? ಕರೀರಿ ಇಲ್ಲಿ!"

ಮರುದಿನ ಸಂಜೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕೈಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ದವಡೆ.

"ಮೇಡಂ... ನಾನ್ರಿ, ಜರೀನಾ. ಗೊಂಬಿ ಕುಬಸದಾಕಿ."

ಮೇಡಂ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

ಜರೀನಾ ಹಾಸಿಗೆಯ ತುದಿಗೆ ಕುಳಿತು ವಿವರಿಸಿದಳು. ಸ್ಕ್ಯಾನ್ ನೋಡಿ ಬಲಭಾಗದ ದವಡೆಯನ್ನೇ ಕಂಪ್ಯೂಟರ್‌ನಲ್ಲಿ ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಪ್ಲೇಟ್ ಮಾಡಿದ್ದಳು. ಸ್ಕ್ರೀನ್ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕಳಿಸಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಆದ್ರ ನನಗ ರೂಢಿ ಬಿದ್ದೈತಲ್ರೀ ಮೇಡಂ... ದವಡಿ, ಪ್ಲೇಟ್ ಎರಡನ್ನೂ ಇದ್ದಷ್ಟ ಅಳತಿಗೆ ಪ್ಲಾಸ್ಟಿಕ್‌ನ್ಯಾಗ ಮಾಡಿ ಇಟ್ಟು ನೋಡಿದೆ. ಗದ್ದದ ಹತ್ರ ಸಂದು ಬಿತ್ತು. ಯಾರ ಮಾರಿನೂ ಎರಡೂ ಕಡೆ ಒಂದೇ ಥರ ಇರೂದಿಲ್ಲಲ್ರೀ. ಅದನ್ನ ತಿದ್ದಾಕ ಟೈಮ್ ಕೇಳಿದೆ."

"ನಾ ಅಂತ ಗೊತ್ತಿದ್ದಕ್ಕ ಇಷ್ಟು ಮಾಡಿದೇನ?"

"ಇಲ್ರೀ. ನಮಗ ಪೇಷಂಟ್ ಹೆಸರು ಬರೂದಿಲ್ಲ, ಬರೇ ನಂಬರ್. ನಿನ್ನೆ ಡಾಕ್ಟರು ಫೋನ್ ಮಾಡಿ 'ಕ್ಯಾಡ್ ಕಲಸೋ ಸುನಂದಾ ಮೇಡಂ ಸಿಟ್ಟಾಗ್ಯಾರ' ಅಂದಾಗನ ಗೊತ್ತಾತು. ಯಾರದ ಇರಲಿ ಮೇಡಂ, ಇಟ್ಟು ನೋಡದ ನಾ ಕಳಸೂದಿಲ್ಲ. ನೀವ ಕಲಿಸೀರಿ."

ತಿದ್ದಿದ ಪ್ಲೇಟ್ ಕೂಡಿಸಿದ್ದ ಆ ಪ್ಲಾಸ್ಟಿಕ್ ದವಡೆಯ ಮೇಲೆ ಮೇಡಂ ಮೆಲ್ಲಗೆ ಬೆರಳಾಡಿಸಿದರು. ಎಲ್ಲೂ ಸಂದು ತಾಗಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟರು. ಯಾವ ತಡಕ್ಕೆ ಶಾಪ ಹಾಕಿದ್ದರೋ, ಅದು ಅವರದೇ ಪಾಠವಾಗಿತ್ತು...

ಗುರುವಾರ ಆಪರೇಷನ್ ಆಯಿತು. ಆಮೇಲೆ ಬಹಳ ದಿನ ಮಾತಿಲ್ಲ, ಬರೀ ಕೈಸನ್ನೆ. ಮಾತು ಹೇಗೆ ಬರುತ್ತದೋ ಎಂಬ ಅಳುಕು ಎಲ್ಲರಿಗೂ ಇತ್ತು.

ಕೊನೆಗೊಂದು ದಿನ ಡಾಕ್ಟರು, "ಏನರ ಮಾತಾಡ್ರಿ ನೋಡೋಣ" ಎಂದರು. ಜರೀನಾ ಗೋಡೆಗೆ ಒರಗಿ ನಿಂತಿದ್ದಳು.

ಮೇಡಂ ನಿಧಾನವಾಗಿ ಬಾಯಿ ತೆರೆದರು. ನೋಡಿದ್ದು ಅವಳನ್ನೇ.

"ಏನವಾ ಜರೀನಾ... ಈ ಸಲ ಗೊಂಬಿ ಅಳತಿ ಆಗಿಲ್ಲಲಾ?"

ಒಂದಕ್ಷರವೂ ತೊದಲಿರಲಿಲ್ಲ.

"ಇಲ್ರೀ ಮೇಡಂ..." ಎಂದಳು ಜರೀನಾ, ಅಳುತ್ತ, ನಗುತ್ತ. "ಇಟ್ಟು ನೋಡೇನ್ರಿ."

ಈಗ ಮೇಡಂ ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾರೆ. ಹಠ ಮಾತ್ರ ಅದೇ. ಮೇಜಿನ ಮೇಲೆ ಆ ಬಿಳಿ ದವಡೆ ಇದೆ. ಹೊಸಬರು "ಇದೇನ್ರಿ ಮೇಡಂ?" ಎಂದು ಕೇಳಿದರೆ, "ನನ್ನ ಸ್ಟೂಡೆಂಟ್ ನನಗ ಉಳಿಸಿಕೊಟ್ಟ ಮಾತು" ಎನ್ನುತ್ತಾರೆ.

🙏

ಮನಸ್ಸಿಟ್ಟು ಕಲಿಸಿದ ಒಂದು ಒಳ್ಳೆಯ ರೂಢಿ, ಇನ್ನೊಬ್ಬರ ಕೈಯಲ್ಲಿ ಉಳಿದು ನಮ್ಮನ್ನೇ ಕಾಯುತ್ತದೆ.

ನಿಮ್ಮ ಕೈಗೆ ಇಂಥದೊಂದು ರೂಢಿ ಹಾಕಿಕೊಟ್ಟವರು ಯಾರು? ಅವರ ನಂಬರ್ ಇನ್ನೂ ನಿಮ್ಮ ಫೋನಿನಲ್ಲಿದೆಯಾ?